ಮೆಟ್ಟಿಲು ಗದ್ದೆಯ ಊರಲ್ಲೂ ಗೋಣಿ ಅಕ್ಕಿ

ಫಿಲಿಪ್ಪೀನ್ಸ್‌ಗೆ ಹೋಗಿ ಬಂದೆ ಎಂದಾಗ ನಮ್ಮವರು ಮೊದಲು ಕೇಳಿದ್ದು ಗದ್ದೆಯ ಬಗ್ಗೆ ಅಲ್ಲ. "ಅಲ್ಲಿ ಎಂತ ತಿಂದೆ ಮಾರಾಯ? ಎಲ್ಲ ಹಂದಿಯೇ ಅಲ್ವಾ?" ಹಾಗಾಗಿ ಊಟದಿಂದಲೇ ಶುರು ಮಾಡುತ್ತೇನೆ.

ಡಿಪ್ಲೊಮಾ ಮುಗಿಸಿ ಶಾರ್ಜಾಕ್ಕೆ ಬಂದಾಗಿನಿಂದ ನಾನು ಎ.ಸಿ. ಚಿಲ್ಲರ್ ರಿಪೇರಿ ಮಾಡುತ್ತಿದ್ದೇನೆ. ಜೊತೆಗೆ ಕೆಲಸ ಮಾಡುವ ಗೆಳೆಯನೊಬ್ಬ ಲುಜಾನ್ ದ್ವೀಪದ ಇಫುಗಾವ್ ಬೆಟ್ಟಗಳವನು. ಅವನ ರಜೆ ಮತ್ತು ನನ್ನ ರಜೆ ಒಂದೇ ಸಲ ಬಂತು. ಕಳೆದ ಮೇ ತಿಂಗಳಲ್ಲಿ ಮನಿಲಾದಿಂದ ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಬನಾವೆ ತಲುಪಿದೆವು. ಅಲ್ಲಿಂದ ಜೀಪು, ಆಮೇಲೆ ನಡಿಗೆ, ಬಟಾಡ್ ಎಂಬ ಹಳ್ಳಿ.

ಅವನ ಮನೆಯವರು ಅತಿಥಿಗೆಂದು ಪಿಕ್‌ಪಿಕಾನ್ ಎಂಬ ಕೋಳಿ ಪದಾರ್ಥ ಮಾಡಲು ಹೊರಟಿದ್ದರು. ಸರಿಯಾದ ಹೆಸರು ಪಿನಿಕ್‌ಪಿಕಾನ್, ನನ್ನ ನಾಲಗೆಗೆ ಕೊನೆಯವರೆಗೂ ಬರಲಿಲ್ಲ. ಕೋಳಿಯನ್ನು ಕೊಲ್ಲುವ ಮೊದಲು ಕೋಲಿನಿಂದ ಬಡಿಯುವ ಪದ್ಧತಿ ಅದು. ನಮಗೆ ಆಗುವುದಲ್ಲ. ಹೇಗೆ ಹೇಳುವುದು ಎಂದು ನಾನು ಒದ್ದಾಡುತ್ತಿರುವಾಗ ಗೆಳೆಯನೇ ಅವನ ತಾಯಿಗೆ ಹೇಳಿದ. ಆಕೆ ನಕ್ಕು ತಿಲಾಪಿಯಾ ಮೀನು ಸುಟ್ಟುಕೊಟ್ಟರು. ಜೊತೆಗೆ ಸೀಮೆಬದನೆಯ ಚಿಗುರಿನ ಪಲ್ಯ, ವಿನೆಗರ್ ಮತ್ತು ಸೋಯಾ ಹಾಕಿ ಬೇಯಿಸಿದ ಅಲಸಂಡೆ, ಬೇಯಿಸಿದ ಗೆಣಸು. ಮರುದಿನ ಹುಣಸೆ ಹುಳಿಯ ಸಿನಿಗಾಂಗ್ ಸಾರು. ಮನಿಲಾಕ್ಕೆ ಮರಳುವಾಗ ದಾರಿಯಲ್ಲಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಸೊಪ್ಪು, ಬಾಳೆಎಲೆಯಲ್ಲಿ ಸುತ್ತಿದ ಸುಮಾನ್. ಸೊಪ್ಪು, ತೆಂಗು, ಹುಳಿ, ಮೀನು, ಅನ್ನ. ಸುಮಾನ್ ಬಿಚ್ಚುವಾಗ ಉಮ್ಮನ ಅಡುಗೆಮನೆಯ ಬಾಡಿದ ಬಾಳೆಎಲೆಯ ವಾಸನೆಯೇ ಬಂತು. ಅವರ ಅಕ್ಕಿಯ ಮದ್ಯ ಮುಟ್ಟಲಿಲ್ಲ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಊಟದ ಹೆದರಿಕೆಯಿಂದ ಗಲ್ಫ್ ಮತ್ತು ಮಲೇಷ್ಯಾ ಬಿಟ್ಟು ಬೇರೆಲ್ಲಿಗೂ ಹೋಗದವರು ನಮ್ಮಲ್ಲಿ ಬಹಳ ಜನ. ಕೇಳಿ ತಿನ್ನಿ, ಬೇಡದ್ದನ್ನು ನಗುತ್ತಾ ಬೇಡ ಎನ್ನಿ, ಅಷ್ಟೆ.

ಇನ್ನು ಗದ್ದೆ. ಬಟಾಡ್‌ನಲ್ಲಿ ಇಡೀ ಬೆಟ್ಟ ಒಂದು ಸ್ಟೇಡಿಯಂ ಹಾಗೆ ಕಾಣುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ನೀರು ನಿಂತ ಹಸಿರು ಗದ್ದೆಗಳು. ಗೋಡೆಗಳು ಬರೀ ಕಲ್ಲು, ಸಿಮೆಂಟ್ ಇಲ್ಲ. ಪಂಪ್ ಇಲ್ಲ. ಮೇಲೆ ಮುಯೊಂಗ್ ಎಂಬ ಕಾಡು, ಒಂದೊಂದು ಕುಟುಂಬ ಕಾಯ್ದುಕೊಂಡು ಬಂದದ್ದು. ಆ ಕಾಡು ಹಿಡಿದಿಟ್ಟ ನೀರು ಕಾಲುವೆಯಲ್ಲಿ ಮೇಲಿನ ಗದ್ದೆಗೆ, ಅಲ್ಲಿಂದ ತುಂಬಿ ಕೆಳಗಿನದಕ್ಕೆ. ಇದು 2000 ವರ್ಷ ಹಳೆಯದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹಳೆಯ ಕಿಯಾಂಗನ್ ಹಳ್ಳಿಯಲ್ಲಿ ಅಗೆದು ನೋಡಿದ ಸ್ಟೀಫನ್ ಅಕಬಾಡೊ ಎಂಬ ಪುರಾತತ್ವಜ್ಞ ಮತ್ತವರ ಸಂಗಡಿಗರು ಇದು ಸುಮಾರು 400 ವರ್ಷದ್ದು, ಸ್ಪೇನಿನವರ ಕೈಗೆ ಸಿಗದಿರಲು ಬೆಟ್ಟ ಹತ್ತಿದವರು ಕಟ್ಟಿದ್ದು ಎನ್ನುತ್ತಾರೆ. ನನಗಂತೂ ಇದೇ ದೊಡ್ಡ ವಿಷಯ ಅನಿಸಿತು. ಅಷ್ಟು ಕಡಿಮೆ ಸಮಯದಲ್ಲಿ, ಬರೀ ಕೈಯಲ್ಲಿ!

ಮೆಕ್ಯಾನಿಕಲ್‌ನವನ ಕಣ್ಣಿಗೆ ಇನ್ನೊಂದು ಕಂಡಿತು. ಇದು ಒಮ್ಮೆ ಕಟ್ಟಿ ಬಿಟ್ಟುಬಿಡುವ ಕಟ್ಟಡ ಅಲ್ಲ, ದಿನಾ ಮೇಂಟೆನೆನ್ಸ್ ಬೇಕಾದ ಯಂತ್ರ. ಗದ್ದೆಯಲ್ಲಿ ವರ್ಷವಿಡೀ ನೀರು ನಿಲ್ಲಬೇಕು. ಒಣಗಿದರೆ ಮಣ್ಣು ಬಿರಿಯುತ್ತದೆ, ಮುಂದಿನ ಮಳೆಗೆ ಆ ಬಿರುಕಿನಲ್ಲಿ ನೀರು ಇಳಿದು ಗೋಡೆ ಕುಸಿಯುತ್ತದೆ, ಕುಸಿದ ಕಲ್ಲು ಕೆಳಗಿನವನ ಗದ್ದೆಗೆ ಬೀಳುತ್ತದೆ. ಒಬ್ಬ ಕೈಬಿಟ್ಟರೆ ಕೆಳಗಿನ ನಾಲ್ಕು ಮನೆಗೆ ತೊಂದರೆ. ಯುನೆಸ್ಕೊ 1995ರಲ್ಲಿ ಇಲ್ಲಿನ ಐದು ಕಡೆಯ ಗದ್ದೆಗಳನ್ನು ವಿಶ್ವ ಪರಂಪರೆ ಎಂದು ಸೇರಿಸಿಕೊಂಡಿತು, 2001ರಲ್ಲಿ ಅಪಾಯದ ಪಟ್ಟಿಗೆ ಹಾಕಿತು, 2012ರಲ್ಲಿ ತೆಗೆಯಿತು. ಅಂಗಡಿಯವನ ಮಗನಿಗೆ ನೋಟು ಸಿಕ್ಕಿದರೆ ತಿರುಗಿಸಿ ನೋಡುವ ಅಭ್ಯಾಸ. ಅವರ 20 ಪೆಸೊ ನೋಟಿನ ಹಿಂಬದಿಯಲ್ಲೂ ಬನಾವೆಯ ಗದ್ದೆಯೇ ಇದೆ. ಇಷ್ಟೆಲ್ಲ ಗೌರವ ಇದ್ದರೂ ನಾನು ಕಂಡ ಕೆಲವು ಮೆಟ್ಟಿಲುಗಳಲ್ಲಿ ಹುಲ್ಲು ಬೆಳೆದಿತ್ತು.

ಕಾರಣ ತಿಳಿದದ್ದು ಹಳ್ಳಿಯ ಅಂಗಡಿಯಲ್ಲಿ. ಅಲ್ಲಿ ಇಂಥ ಅಂಗಡಿಗೆ ಸಾರಿ-ಸಾರಿ ಎನ್ನುತ್ತಾರೆ. ಶ್ಯಾಂಪೂ ಸ್ಯಾಶೆ, ಚಿಲ್ಲರೆ ಸೋಪು, ಸಾಲದ ಪುಸ್ತಕ, ಎಲ್ಲ ಮಂಜೇಶ್ವರದ ನಮ್ಮ ಉಪ್ಪನ ಅಂಗಡಿಯ ಹಾಗೆಯೇ. ಮೂಲೆಯಲ್ಲಿ ಅಕ್ಕಿಯ ಗೋಣಿಗಳು. ಈ ಬೆಟ್ಟದ ಅಕ್ಕಿಯಾ ಎಂದು ಕೇಳಿದೆ. ಅಂಗಡಿಯ ಹೆಂಗಸು ಅಲ್ಲ, ಕೆಳಗಿನ ಬಯಲಿನದ್ದು ಎಂದರು. ಬೆಟ್ಟದ ಅಕ್ಕಿಯ ಹೆಸರು ಟಿನಾವೊನ್, ವರ್ಷಕ್ಕೊಂದೇ ಬೆಳೆ ಎಂಬ ಅರ್ಥ. ಗೆಳೆಯನ ಮನೆಯ ಗದ್ದೆಯದ್ದು ಐದಾರು ತಿಂಗಳಿಗೆ ಮುಗಿಯುತ್ತದಂತೆ, ಉಳಿದ ತಿಂಗಳು ಗೋಣಿ ಅಕ್ಕಿ. ಆ ಗೋಣಿಯ ದುಡ್ಡು ಶಾರ್ಜಾದಿಂದ ಹೋಗುತ್ತದೆ. ಅಂದರೆ ಗೆಳೆಯ ಊರು ಬಿಟ್ಟದ್ದರಿಂದಲೇ ಊರಿನ ಮನೆ ನಡೆಯುತ್ತಿದೆ, ಅವನು ಊರು ಬಿಟ್ಟದ್ದರಿಂದಲೇ ಗೋಡೆ ಕಟ್ಟುವ ಕೈ ಒಂದು ಕಡಿಮೆಯಾಗಿದೆ.

ನಾವಿದ್ದ ಹೋಮ್‌ಸ್ಟೇಯ ಪಕ್ಕದಲ್ಲಿ ಒಬ್ಬ ಪ್ರವಾಸಿ ಜೋರಾಗಿ ಹೇಳುತ್ತಿದ್ದ, ಇಲ್ಲಿನ ಯುವಕರು ತಮ್ಮ ಸಂಸ್ಕೃತಿ ಉಳಿಸಿಕೊಳ್ಳಬೇಕು ಎಂದು. ಕೈಯಲ್ಲಿ ಇನ್‌ಸ್ಟಂಟ್ ನೂಡಲ್ಸ್ ಬಟ್ಟಲು. ನನಗೆ ಸಿಟ್ಟು ಬಂತು. ಎರಡು ದಿನ ಫೋಟೊ ತೆಗೆದು ಹೋಗುವವನಿಗೆ ಆ ಮಾತಿನ ಅಧಿಕಾರ ಯಾರು ಕೊಟ್ಟರು? ಗದ್ದೆ ಉಳಿಯಬೇಕು ಎನ್ನುವವನು ಆ ಗದ್ದೆಯ ಅಕ್ಕಿಯನ್ನು ಅದರ ಬೆಲೆಗೆ ಕೊಂಡು ತಿನ್ನಲಿ. ಟಿನಾವೊನ್ ಅನ್ನ ಬೇಕು ಎಂದು ಕೇಳಲಿ, ದುಬಾರಿ ಎಂದು ಚೌಕಾಸಿ ಮಾಡದಿರಲಿ, ಗೈಡ್‌ನ ಕೂಲಿಯಲ್ಲಿ ಹತ್ತು ಪೆಸೊ ಕಡಿಸದಿರಲಿ. ನಮ್ಮವರಿಗೆ ಚೌಕಾಸಿ ಎಂದರೆ ಆಟ, ಅದು ನನಗೆ ಗೊತ್ತು. ಆದರೆ ಅಲ್ಲಿ ಬೇಡ. ಅಂದ ಹಾಗೆ ಆ ಕೆಂಪು ಅಕ್ಕಿಯ ಅನ್ನ ಸ್ವಲ್ಪ ಅಂಟು, ಪರಿಮಳ ಇದೆ, ಸುಟ್ಟ ಮೀನಿನ ಜೊತೆ ಮೂರು ಸಲ ಹಾಕಿಸಿಕೊಂಡೆ.

ಸಿಟ್ಟು ನನ್ನ ಮೇಲೂ ಇತ್ತು ಎಂದು ಕಾಣುತ್ತದೆ. ಅಂಗಡಿಯ ಹಿಂದಿನ ಬೈಲಿನಲ್ಲಿ ನಮ್ಮದೂ ಎರಡು ತುಂಡು ಗದ್ದೆ ಇದೆ. ಉಪ್ಪಪ್ಪನ ಕಾಲಕ್ಕೆ ಏಣೇಲು, ಸುಗ್ಗಿ ಎರಡೂ ಬೆಳೆಯುತ್ತಿದ್ದರು. ನಾನು ಕಂಡಂತೆ ಅದು ಹಡಿಲು. ಮೂರು ಕಡೆ ಮಣ್ಣು ತುಂಬಿಸಿ ಮನೆ ಎದ್ದಿವೆ, ಮಳೆಗಾಲದಲ್ಲಿ ನೀರು ಹೋಗಲು ದಾರಿಯಿಲ್ಲದೆ ನಮ್ಮ ಅಂಗಡಿಯ ಜಗಲಿಗೆ ಬರುತ್ತದೆ. ಗದ್ದೆ ತುಂಬಿಸಬಾರದು ಎಂದು ಕೇರಳದಲ್ಲಿ 2008ರಲ್ಲೇ ಕಾನೂನು ಬಂದಿದೆ. ಬೆಳೆಯುವವನಿಗೆ ಕೂಲಿ ಹುಟ್ಟದಿದ್ದರೆ ಕಾನೂನು ಗದ್ದೆಯಲ್ಲಿ ಹುಲ್ಲು ಬೆಳೆಸುತ್ತದೆ, ಭತ್ತ ಅಲ್ಲ.

ಬಟಾಡ್‌ನಿಂದಲೇ ಉಪ್ಪನಿಗೆ ವಿಡಿಯೊ ಕಾಲ್ ಮಾಡಿ ಗದ್ದೆ ತೋರಿಸಿದೆ. ಮಾಶಾ ಅಲ್ಲಾಹ್ ಎಂದರು. ಆಮೇಲೆ, ಅಲ್ಲಿ ಅಕ್ಕಿ ಕಿಲೊಗೆ ಎಷ್ಟು ಎಂದು ಕೇಳಿದರು. ಎರಡೂ ಬೆಲೆ ಹೇಳಿದೆ, ಬೆಟ್ಟದ್ದು ಮತ್ತು ಗೋಣಿಯದ್ದು. ಮುಂದಿನ ಏಣೇಲಿಗೆ ಒಂದು ತುಂಡಾದರೂ ಬೆಳೆಸೋಣವಾ, ಖರ್ಚು ನಾನು ಕಳಿಸುತ್ತೇನೆ ಎಂದೆ. ಉಳುವುದಕ್ಕೆ, ನೇಜಿ ನೆಡುವುದಕ್ಕೆ, ಕೊಯ್ಲಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ ಹೇಳುತ್ತೇನೆ ಎಂದಿದ್ದಾರೆ.