ಮನಃಶಾಸ್ತ್ರದ ಪದವಿ: ಯಾವ ಖಾತೆಗೆ ಬರೆಯೋಣ?



ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಮುಂದೇನು? ಕಳೆದ ಬಾರಿ ಆನೈಮಲೈಗೆ ಹೋದಾಗ ನಾವು ಇಳಿದುಕೊಂಡಿದ್ದ ಮನೆಯಲ್ಲಿಯೂ ಇದೇ ಚರ್ಚೆ ನಡೆದಿತ್ತು. ತೆಂಗು, ಕೊಬ್ಬರಿಯ ಆ ಊರಿನಲ್ಲಿ ಅವರದು ಎರಡು ತಲೆಮಾರಿನ ಅಂಗಡಿ. ಮಗಳಿಗೆ ಕೊಯಮತ್ತೂರಿನಲ್ಲಿ ಮನಃಶಾಸ್ತ್ರ ಓದುವ ಆಸೆ. ತಂದೆಗೆ ಅದು ಒಪ್ಪಿಗೆಯಿಲ್ಲ.

"ಬಿ.ಕಾಂ. ಓದಿದರೆ ಅಂಗಡಿಯ ಲೆಕ್ಕವನ್ನಾದರೂ ನೋಡಿಯಾಳು. ಮನಸ್ಸಿನ ಶಾಸ್ತ್ರ ಓದಿ ಏನನ್ನು ಮಾರುವುದು, ನೀವೇ ಹೇಳಿ" ಎಂದು ಅವರು ನಮ್ಮನ್ನೇ ಕೇಳಿದರು.

ಮಗಳು ತಲೆ ತಗ್ಗಿಸಿಕೊಂಡೇ ಹೇಳಿದಳು: "ಅಪ್ಪಾ, ಚಿಕ್ಕಪ್ಪ ಎರಡು ವರ್ಷ ಅಂಗಡಿಗೆ ಬಾರದೆ ಕೋಣೆಯಲ್ಲೇ ಕುಳಿತರಲ್ಲ, ಆಗ ಆದ ನಷ್ಟವನ್ನು ಯಾವ ಖಾತೆಗೆ ಬರೆದಿರಿ?"

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ತಂದೆಯ ಪ್ರಶ್ನೆ ತಪ್ಪಲ್ಲ. ಬಂಡವಾಳ ಹಾಕುವವರು ಲೆಕ್ಕ ಕೇಳಲೇಬೇಕು. ಆದ್ದರಿಂದ ಅಂದು ರಾತ್ರಿ ಊಟವಾದ ಮೇಲೆ ಕಾಗದ ಪೆನ್ನು ಹಿಡಿದು ಕುಳಿತೆವು. ಮುಂದಿನ ಅಂಕಿಗಳು ಲೆಕ್ಕಕ್ಕಾಗಿ ಊಹಿಸಿಕೊಂಡವು. ನಿಮ್ಮ ಮನೆಯ ಅಂಕಿಗಳನ್ನು ನೀವು ಹಾಕಿಕೊಳ್ಳಿ.

ಶುಲ್ಕ, ಹಾಸ್ಟೆಲು, ಪುಸ್ತಕ ಸೇರಿ ವರ್ಷಕ್ಕೆ 1 ಲಕ್ಷ ರೂಪಾಯಿ ಎನ್ನೋಣ. ಮಗಳು ಅಂಗಡಿಯಲ್ಲಿದ್ದರೆ ತಿಂಗಳಿಗೆ 12,000 ರೂಪಾಯಿಯ ಕೆಲಸ ಮಾಡುತ್ತಿದ್ದಳು, ಅದೂ ಖರ್ಚೇ. ಅಲ್ಲಿಗೆ ಮೂರು ವರ್ಷದ ಪದವಿಗೆ 7 ಲಕ್ಷದ 32 ಸಾವಿರ. ಪದವಿ ಮುಗಿಸಿ 15,000ದ ಕೆಲಸಕ್ಕೆ ಸೇರಿದಳೆನ್ನಿ. ಅಂಗಡಿಗಿಂತ ಹೆಚ್ಚು ಬಂದದ್ದು ತಿಂಗಳಿಗೆ 3,000. ಹಾಕಿದ ಹಣ ಮರಳಲು ಇಪ್ಪತ್ತು ವರ್ಷ ಬೇಕು!

ಇನ್ನೆರಡು ವರ್ಷ ಸೇರಿಸಿ ಸ್ನಾತಕೋತ್ತರ ಪದವಿಯನ್ನೂ ಓದಿಸಿದರೆ ಖರ್ಚು 12 ಲಕ್ಷದ 20 ಸಾವಿರ. ಆದರೆ 25,000ದ ಕೆಲಸ ಸಿಕ್ಕಿದರೆ ಹೆಚ್ಚುವರಿ ಆದಾಯ ತಿಂಗಳಿಗೆ 13,000. ಸುಮಾರು ಎಂಟು ವರ್ಷದಲ್ಲಿ ಹಣ ಮರಳುತ್ತದೆ. ಹೆಚ್ಚು ಖರ್ಚಿನ ದಾರಿಯೇ ಅಗ್ಗವಾಯಿತು. ತಂದೆ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದರು.

ಇದರ ಗುಟ್ಟು ಇಷ್ಟೇ. ಮೂರು ವರ್ಷದ ಮನಃಶಾಸ್ತ್ರದ ಪದವಿ ಸಿದ್ಧ ಸರಕಲ್ಲ, ಕಚ್ಚಾ ಮಾಲು. ಕೊಬ್ಬರಿ ಒಣಗಿಸಿದ ಮಾತ್ರಕ್ಕೆ ಎಣ್ಣೆಯಾಗುವುದಿಲ್ಲ. ಬರೀ ಬಿ.ಎಸ್ಸಿ. ಮುಗಿಸಿದವರು ಚಿಕಿತ್ಸೆ ನೀಡುವ ಮನಃಶಾಸ್ತ್ರಜ್ಞರಾಗಲಾರರು. 1992ರ ಕಾಯಿದೆಯಂತೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಬಹುಕಾಲ ಇದಕ್ಕೆ ಎಂ.ಎ. ಅಥವಾ ಎಂ.ಎಸ್ಸಿ.ಯ ನಂತರ ಎರಡು ವರ್ಷದ ಎಂ.ಫಿಲ್. ದಾರಿಯಾಗಿತ್ತು. ಆ ಎಂ.ಫಿಲ್.ಗೆ ಯುಜಿಸಿ 2025–26ರ ಸಾಲಿನವರೆಗಷ್ಟೇ ಅವಕಾಶ ವಿಸ್ತರಿಸಿತ್ತು. ಪರಿಷತ್ತು ಹೊಸ ಕೋರ್ಸುಗಳನ್ನು ತಂದಿದೆ. ಆದುದರಿಂದ ಸೇರುವ ವರ್ಷದಲ್ಲಿ ಪರಿಷತ್ತಿನ ಮನ್ನಣೆ ಯಾವುದಕ್ಕಿದೆ ಎಂದು ವಿಚಾರಿಸಿಯೇ ಹಣ ಕಟ್ಟಿರಿ.

ಇನ್ನೊಂದು ಎಚ್ಚರಿಕೆ. "ಮನೆಯಲ್ಲೇ ಕುಳಿತು ಅಂಚೆಯಲ್ಲಿ ಓದಲಿ, ಹಾಸ್ಟೆಲಿನ ಖರ್ಚು ಉಳಿಯಿತು" ಎನ್ನುವವರು ನಮ್ಮಲ್ಲಿ ಬಹಳ. ಆ ಬಾಗಿಲು ಮುಚ್ಚಿದೆ. ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಮನಃಶಾಸ್ತ್ರದ ಪದವಿಗೆ ಹೊಸದಾಗಿ ಸೇರಿಸಿಕೊಳ್ಳಬಾರದೆಂದು ಯುಜಿಸಿ 2025ರಲ್ಲಿ ವಿಶ್ವವಿದ್ಯಾಲಯಗಳಿಗೆ ತಿಳಿಸಿದೆ. ಯಾರಾದರೂ "ನಮ್ಮಲ್ಲಿ ನಡೆಯುತ್ತದೆ" ಎಂದು ಮುಂಗಡ ಕೇಳಿದರೆ ಕೈ ಜೇಬಿನಲ್ಲೇ ಇರಲಿ.

ಇನ್ನು ಬೇಡಿಕೆಯ ಮಾತು. ಗಿರಾಕಿಯಿಲ್ಲದ ಸರಕೇ ಇದು? ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಒಬ್ಬ ಅರ್ಹ ಆಪ್ತಸಲಹೆಗಾರರನ್ನೋ ಮನಃಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿಮಾನಸ್ ಎಂಬ ಸರಕಾರಿ ದೂರವಾಣಿ ಸೇವೆಯೂ (ಸಂಖ್ಯೆ 14416) ಇಂಥವರಿಂದಲೇ ನಡೆಯುವುದು. ಕಾಗದದ ಮೇಲಿನ ಆದೇಶವೆಲ್ಲ ನಾಳೆಯೇ ಸಂಬಳವಾಗದು, ನಿಜ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ವ್ಯಾಪಾರಿಗೆ ತಿಳಿಯಬೇಡವೇ?

ಇದು ಹೊಸ ಕಾಲದ ಗೀಳೆಂದೂ ತಿಳಿಯಬೇಡಿ. ಮೈಸೂರಿನಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ನಡೆಸಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಆ ವಿಭಾಗದ ಪ್ರಾಧ್ಯಾಪಕರೇ.

ಖರ್ಚು ತಗ್ಗಿಸುವ ದಾರಿಗಳೂ ಇವೆ. ಕೊಯಮತ್ತೂರಿನ ಸರಕಾರಿ ಕಲಾ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗವಿದೆ; ಸರಕಾರಿ ಕಾಲೇಜಿನ ಶುಲ್ಕ ಖಾಸಗಿಗಿಂತ ಬಹಳ ಕಡಿಮೆ. 2014ರ ಜನವರಿಯಿಂದ ಜೈನರು ರಾಷ್ಟ್ರಮಟ್ಟದ ಅಲ್ಪಸಂಖ್ಯಾತರ ಪಟ್ಟಿಯಲ್ಲಿದ್ದೇವೆ. ರಾಷ್ಟ್ರೀಯ ಅಲ್ಪಸಂಖ್ಯಾತರ ಅಭಿವೃದ್ಧಿ ಮತ್ತು ಹಣಕಾಸು ನಿಗಮದ ವಿದ್ಯಾಸಾಲಕ್ಕೆ ಆದಾಯ ಮಿತಿಯೊಳಗಿನ ಕುಟುಂಬಗಳು ಅರ್ಜಿ ಹಾಕಬಹುದು. ಕೇಳಲು ಸಂಕೋಚವೇಕೆ?

ಮೂರು ವರ್ಷಕ್ಕಿಂತ ಹೆಚ್ಚು ಓದಿಸಲಾಗದ ಮನೆಯವರು ಅದನ್ನು ಮೊದಲೇ ಬಾಯಿಬಿಟ್ಟು ಹೇಳಿಬಿಡಬೇಕು. ಆಗ ಬಿ.ಕಾಂ. ಓದುವುದೇ ಮೇಲಾದೀತು. ಮಗಳಿಗೆ ಆಸೆ ಹುಟ್ಟಿಸಿ, ಮೂರನೆಯ ವರ್ಷ "ಇನ್ನು ಸಾಕು, ಗಂಡು ನೋಡಿದ್ದೇವೆ" ಎಂದರೆ ಹಣವೂ ಹೋಯಿತು, ಮಗುವಿನ ಮನಸ್ಸೂ ಮುರಿಯಿತು. ಅರ್ಧ ದಾರಿಯ ಪ್ರಯಾಣಕ್ಕೇ ಹೆಚ್ಚು ಬೆಲೆ.

ಮರುದಿನ ಬೆಳಿಗ್ಗೆ ನಾವು ಪೊಳ್ಳಾಚಿಯ ಬಸ್ಸು ಹಿಡಿಯಲು ಹೊರಟಾಗ ಆ ತಂದೆ ಬಾಗಿಲವರೆಗೆ ಬಂದರು. "ಐದು ವರ್ಷಕ್ಕೆ ಹೊಂದಿಸಲು ಆದೀತೇ ನೋಡುತ್ತೇನೆ" ಎಂದರು. ತುಸು ತಡೆದು, "ತಮ್ಮನ ವಿಷಯ ಅವಳು ಹೇಳಿದ್ದು ಸರಿ. ಆ ಎರಡು ವರ್ಷ ನಾವು ಲೆಕ್ಕವನ್ನೇ ಬರೆಯಲಿಲ್ಲ" ಎಂದರು.

ನಿಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಎದ್ದಿದ್ದರೆ ಮಗಳನ್ನೂ ಕೂರಿಸಿಕೊಂಡು ಲೆಕ್ಕ ಹಾಕಿರಿ. ಬರೆಯದೆ ಬಿಟ್ಟ ಖರ್ಚುಗಳನ್ನೂ ಮರೆಯದೆ ಸೇರಿಸಿರಿ.