ಕಾರಿನ ಫೇಶಿಯಲ್‌ಗೆ ಇಪ್ಪತ್ತು ಸಾವಿರವಾ?

ಹೊಸ ಕಾರು ಬುಕ್ ಮಾಡಲು ಹೋದಾಗ ಹೆಚ್ಚಾಗಿ ನಡೆಯುವುದು ಹೀಗೆ. ಬಣ್ಣ ಯಾವುದು ಅಂತ ನಿಮ್ಮನ್ನು ಕೇಳುತ್ತಾರೆ. ಮಕ್ಕಳನ್ನೂ ಕೇಳುತ್ತಾರೆ. ಹಣದ ಮಾತು ಬಂದ ಕೂಡಲೇ ಸೇಲ್ಸ್ ಹುಡುಗ ಯಜಮಾನರ ಕಡೆ ತಿರುಗುತ್ತಾನೆ. ‘ಸರ್, ನಮ್ಮದು ಕರಾವಳಿ ಅಲ್ವಾ, ಉಪ್ಪಿನ ಗಾಳಿ. ಕೋಟಿಂಗ್ ಮಾಡಿಸದಿದ್ರೆ ಎರಡೇ ವರ್ಷದಲ್ಲಿ ತುಕ್ಕು ಹಿಡೀತದೆ’ ಅನ್ನುತ್ತಾನೆ. ತುಕ್ಕು ಅಂದರೆ ಯಾರಿಗೆ ಹೆದರಿಕೆ ಆಗುವುದಿಲ್ಲ ಹೇಳಿ? ಲಕ್ಷಗಟ್ಟಲೆ ಕೊಡುವಾಗ ಇನ್ನೊಂದು ಹದಿನೈದು ಇಪ್ಪತ್ತು ಸಾವಿರ ಏನು ಮಹಾ ಅಂತ ಸಹಿ ಬೀಳುತ್ತದೆ.

ಆ ಇಪ್ಪತ್ತು ಸಾವಿರ ಎಷ್ಟು ತಿಂಗಳ ದಿನಸಿ, ಎಷ್ಟು ತಿಂಗಳ ಸ್ಕೂಲ್ ವ್ಯಾನಿನ ಬಾಡಿಗೆ ಅನ್ನುವ ಲೆಕ್ಕ ಮಾತ್ರ ನಿಮಗೇ ಗೊತ್ತು. ಕಾರನ್ನು ದಿನಾ ಓಡಿಸುವವರು, ಅದು ನಿಲ್ಲುವ ಅಂಗಳವನ್ನು ದಿನಾ ನೋಡುವವರು ಕೂಡ ಎಷ್ಟೋ ಮನೆಗಳಲ್ಲಿ ನೀವೇ. ಹಾಗಿರುವಾಗ ‘ಇದು ಗಂಡಸರ ವಿಷಯ’ ಅಂತ ಸುಮ್ಮನೆ ಕೂರುವುದು ಯಾಕೆ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಳಪು ಉಳಿಯಬೇಕು ಅಂದರೆ ಕೋಟಿಂಗ್ ಮಾಡಿಸಿ. ತುಕ್ಕಿಗೆ ಹೆದರಿ ಮಾಡಿಸಬೇಡಿ. ಯಾವ ಕೋಟಿಂಗ್ ಅನ್ನುವುದನ್ನು ಶೋರೂಮಿನ ಬಣ್ಣದ ಹಾಳೆ ನೋಡಿ ಅಲ್ಲ, ನಿಮ್ಮ ಕಾರು ನಿಲ್ಲುವ ಜಾಗ ಮತ್ತು ಅದನ್ನು ತೊಳೆಯುವ ಕೈ ನೋಡಿ ತೀರ್ಮಾನಿಸಿ.

ಹಲಸಿನ ಮೇಣ, ಕೈಗೆ ಎಣ್ಣೆ

ಹಲಸಿನ ಹಣ್ಣು ಕೊಯ್ಯುವ ಮೊದಲು ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿಕೊಳ್ಳುತ್ತೇವೆ. ಎಣ್ಣೆ ಇದ್ದರೆ ಮೇಣ ಅಂಟುವುದಿಲ್ಲ, ಅಂಟಿದರೂ ಬೇಗ ಬಿಡುತ್ತದೆ. ಹಾಗಂತ ಎಣ್ಣೆ ಹಚ್ಚಿದ ಕೈಗೆ ಕತ್ತಿ ತಾಗಿದರೆ ಗಾಯ ಆಗದೇ ಇರುತ್ತದಾ? ಕಾರಿನ ಕೋಟಿಂಗ್ ಮಾಡುವುದೂ ಇಷ್ಟೇ ಕೆಲಸ. ಹಕ್ಕಿ ಹಿಕ್ಕೆ, ಮರದ ಅಂಟು, ಕೆಸರು ಬಣ್ಣಕ್ಕೆ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ತೊಳೆಯುವ ಕೆಲಸ ಹಗುರ ಮಾಡುತ್ತದೆ. ಬಿಸಿಲಿಗೆ ಬಣ್ಣ ಮಂಕಾಗುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ. ಕಲ್ಲು ಸಿಡಿದರೆ, ಗೇಟಿಗೆ ಉಜ್ಜಿದರೆ ಅದು ಏನೂ ಮಾಡಲಾರದು.

ಯಾಕೆ ಅಂದರೆ ಅದು ಅಷ್ಟು ತೆಳು. ಕಾರ್ಖಾನೆಯಲ್ಲಿ ಕಾರಿನ ಮೈಯನ್ನು ತುಕ್ಕು ತಡೆಯುವ ದ್ರಾವಣದಲ್ಲಿ ಮುಳುಗಿಸಿ ತೆಗೆದು, ಮೇಲೆ ಪ್ರೈಮರ್, ಬಣ್ಣ, ಕೊನೆಗೆ ಪಾರದರ್ಶಕವಾದ ಕ್ಲಿಯರ್ ಕೋಟ್ ಕೊಡುತ್ತಾರೆ. ಈ ಕ್ಲಿಯರ್ ಕೋಟೇ ಸುಮಾರು 40ರಿಂದ 50 ಮೈಕ್ರಾನ್. ನಮ್ಮ ತಲೆಕೂದಲಿಗಿಂತಲೂ ತೆಳು. ಅದರ ಮೇಲೆ ಹಾಕುವ ಸೆರಾಮಿಕ್ ಕೋಟಿಂಗ್ ಒಂದೆರಡು ಮೈಕ್ರಾನ್ ಮಾತ್ರ. ಬಾಟಲಿಯ ಸ್ಪ್ರೇ ಅದಕ್ಕಿಂತಲೂ ಕಡಿಮೆ.

ಹೆಸರು ದೊಡ್ಡದು, ಕೆಲಸ?

‘ಟೆಫ್ಲಾನ್ ಕೋಟಿಂಗ್’ ಅಂದ ಕೂಡಲೇ ನಮಗೆ ನಾನ್‌ಸ್ಟಿಕ್ ತವಾ ನೆನಪಾಗುತ್ತದೆ. ಆದರೆ ತವಾಕ್ಕೆ ಟೆಫ್ಲಾನ್ ಹಿಡಿಸಲು 300 ಡಿಗ್ರಿಗಿಂತ ಹೆಚ್ಚು ಬಿಸಿ ಕೊಡಬೇಕು. ಬಣ್ಣ ಬಳಿದ ಕಾರಿಗೆ ಅಷ್ಟು ಬಿಸಿ ಕೊಟ್ಟರೆ ಬಣ್ಣವೇ ಸುಟ್ಟುಹೋದೀತು! ಹಾಗಾಗಿ ಈ ಹೆಸರಲ್ಲಿ ಕಾರಿಗೆ ಹಚ್ಚುವುದು ಪಾಲಿಶ್ ಜಾತಿಯದ್ದು. ಕೆಲವು ತಿಂಗಳು ಹೊಳೆಯುತ್ತದೆ, ಆಮೇಲೆ ಹೋಗುತ್ತದೆ. ಆರಾರು ತಿಂಗಳಿಗೊಮ್ಮೆ ಮೆಷಿನ್ ಹಾಕಿ ಉಜ್ಜಿಸಿದರೆ ಕ್ಲಿಯರ್ ಕೋಟ್ ಕೂಡ ಒಂದಿಷ್ಟು ಸವೆಯುತ್ತದೆ, ನೆನಪಿರಲಿ.

‘ಸೆರಾಮಿಕ್’ ನಿಜಕ್ಕೂ ಹೆಚ್ಚು ಬಾಳಿಕೆ ಬರುವಂಥದ್ದು. ಸಿಲಿಕಾ ಮೂಲದ ದ್ರವ ಬಣ್ಣದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಚೆನ್ನಾಗಿ ಹಾಕಿ, ಚೆನ್ನಾಗಿ ನೋಡಿಕೊಂಡರೆ ಎರಡು ಮೂರು ವರ್ಷ ಬಂದೀತು. ‘9ಎಚ್ ಗಟ್ಟಿ ಮೇಡಂ, ಗೀರೇ ಬೀಳೋದಿಲ್ಲ’ ಅಂದರೆ ಮಾತ್ರ ನಂಬಬೇಡಿ. ಈ 9ಎಚ್ ಅನ್ನುವುದು ನಿಮ್ಮ ಮಗುವಿನ ಕಂಪಾಸ್ ಬಾಕ್ಸಿನ ಎಚ್‌ಬಿ ಪೆನ್ಸಿಲ್‌ನ ಬಂಧು. ಪೆನ್ಸಿಲ್‌ಗಳಿಂದ ಗೀಚಿ ನೋಡುವ ಪರೀಕ್ಷೆಯ ಅಳತೆ ಅದು. ಮರಳಿನ ಕಣ ಯಾವ ಪೆನ್ಸಿಲ್‌ಗಿಂತಲೂ ಗಟ್ಟಿ. ಕಾಪು ಬೀಚಿನಿಂದ ಬಂದು ಹಾಗೇ ಒಣಬಟ್ಟೆಯಲ್ಲಿ ಒರೆಸಿದರೆ ಸೆರಾಮಿಕ್ ಮೇಲೂ ಗೀರು ಬೀಳುತ್ತದೆ.

ಮೂರನೆಯದು ನಾವೇ ಮನೆಯಲ್ಲಿ ಹಾಕಬಹುದಾದ ಸ್ಪ್ರೇ. ಕೆಲವು ನೂರು ರೂಪಾಯಿಯಿಂದ ಶುರು. ಮೂರರಿಂದ ಆರು ತಿಂಗಳು ಬರುತ್ತದೆ ಅಂತ ಬಾಟಲಿ ಮೇಲೆ ಬರೆದಿರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಮೂರು ತಿಂಗಳು ಅಂತಲೇ ಲೆಕ್ಕ ಹಿಡಿಯಿರಿ.

ಕಾರು ನಿಲ್ಲುವುದು ಎಲ್ಲಿ?

ಕಾಪುವಿನಲ್ಲಿ, 1901ರ ದೀಪಸ್ತಂಭ ಕಾಣುವಷ್ಟು ಹತ್ತಿರ ನಿಮ್ಮ ಮನೆ ಇದ್ದರೆ ಮೊದಲು ಕಿಟಕಿ ಸರಳು ನೋಡಿ. ಅದಕ್ಕೆ ವರ್ಷ ವರ್ಷ ಪೈಂಟ್ ಬೇಕಾಗುತ್ತದೆ ಅಂದರೆ ಕಾರು ಕುಡಿಯುವುದೂ ಅದೇ ಗಾಳಿ. ಉಪ್ಪು ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೆ ಔಷಧಿ ಒಂದೇ, ವಾರಕ್ಕೊಮ್ಮೆ ಸಿಹಿನೀರು. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗಿದ್ದರೆ ಅದರಲ್ಲಿ ತೊಳೆದು ಬಿಸಿಲಿಗೆ ಒಣಗಲು ಬಿಡಬೇಡಿ. ಬಿಳಿ ಚುಕ್ಕೆ ಕೂತುಬಿಡುತ್ತದೆ, ಕೋಟಿಂಗ್ ಮಾಡಿಸಿದ ಕಾರಿನಲ್ಲೂ.

ಉಡುಪಿಯ ಫ್ಲ್ಯಾಟಿನವರಿಗೆ ಕೆಳಗಿನ ಪಾರ್ಕಿಂಗ್‌ನಲ್ಲಿ ಬಿಸಿಲಿನ ಕಾಟ ಇಲ್ಲ. ಅಲ್ಲಿ ಕಾಟ ಎರಡು: ಪಾರಿವಾಳ, ಮತ್ತು ಸ್ಲ್ಯಾಬಿನಿಂದ ತೊಟ್ಟಿಕ್ಕುವ ಸುಣ್ಣದ ನೀರು. ಸಿಮೆಂಟಿನಿಂದ ಇಳಿದು ಬರುವ ಆ ಕ್ಷಾರದ ನೀರು ಒಣಗಿದರೆ ಬಣ್ಣವನ್ನೇ ತಿನ್ನುತ್ತದೆ. ಸೆರಾಮಿಕ್‌ಗೆ ಹಣ ಕೊಡುವ ಮೊದಲು ಅಸೋಸಿಯೇಷನ್‌ನವರಿಗೆ ಹೇಳಿ ಸೋರಿಕೆ ಸರಿ ಮಾಡಿಸಿ.

ಮಣಿಪಾಲದಲ್ಲಿ ಕೆಂಪು ಧೂಳು, ಮರದ ನೆರಳು. ಧೂಳನ್ನು ಒಣಗಿದ ಬಟ್ಟೆಯಲ್ಲಿ ಝಾಡಿಸುವುದೇ ಅರ್ಧ ಗೀರಿಗೆ ಕಾರಣ. ಹಕ್ಕಿ ಹಿಕ್ಕೆಯ ಆಮ್ಲ ಬಿಸಿಲಿಗೆ ಬೇಗ ಬಣ್ಣಕ್ಕೆ ಇಳಿಯುತ್ತದೆ. ಇಡೀ ದಿನ ಬಯಲಲ್ಲೇ ಕಾರು ನಿಲ್ಲುವವರಿಗೆ ಕೋಟಿಂಗ್‌ನಿಂದ ನಿಜವಾದ ಪ್ರಯೋಜನ ಇದೆ. ಕಾರನ್ನು ಏಳೆಂಟು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ ಸೆರಾಮಿಕ್ ಮಾಡಿಸಿದರೂ ತಪ್ಪಲ್ಲ.

ಕಾರ್ಕಳ ಘಟ್ಟದ ಬುಡ. ಮಳೆ ಜಾಸ್ತಿ, ಕೆಸರು ಜಾಸ್ತಿ. ಕಲ್ಲು ಹೊತ್ತ ಲಾರಿ ಹಿಂದೆ ಹೋಗುವಾಗ ಸಿಡಿಯುವ ಜಲ್ಲಿಗೆ ಯಾವ ಸ್ಪ್ರೇ ಕೂಡ ಅಡ್ಡ ನಿಲ್ಲುವುದಿಲ್ಲ. ಅದನ್ನು ತಡೆಯುವುದು ದಪ್ಪಗಿನ ಪಾರದರ್ಶಕ ಫಿಲ್ಮ್ ಮಾತ್ರ, ಇಡೀ ಕಾರಿಗೆ ಅಂದರೆ ಅದು ಅರ್ಧ ಲಕ್ಷ ದಾಟುತ್ತದೆ. ಅದರ ಬದಲು ಅದೇ ಬಣ್ಣದ ಟಚ್‌ಅಪ್ ಬಾಟಲಿ ಒಂದನ್ನು ಮನೆಯಲ್ಲಿಟ್ಟುಕೊಂಡು, ಬಣ್ಣ ಎದ್ದ ಕಡೆ ಕೂಡಲೇ ಒಂದು ಚುಕ್ಕೆ ಇಟ್ಟುಬಿಡಿ. ತುಕ್ಕು ನುಸುಳುವುದು ಅಂಥ ಕಡೆಯಿಂದಲೇ.

ತುಕ್ಕು ಬರುವುದು ಕೆಳಗಿನಿಂದ

ಮಲ್ಪೆಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಸಮಯದಲ್ಲಿ ದಡಕ್ಕೆ ತಂದ ಬೋಟುಗಳ ಯಾವ ಭಾಗವನ್ನು ಕೆರೆದು ಪೈಂಟ್ ಮಾಡುತ್ತಾರೆ ನೋಡಿ. ನೀರಿಗೆ ತಾಗುವ ತಳವನ್ನು ಅವರು ಬಿಡುವುದೇ ಇಲ್ಲ. ಉಪ್ಪಿನ ಜೊತೆ ಬಾಳುವವರಿಗೆ ಇದು ಗೊತ್ತು. ನಾವು ಮಾತ್ರ ಕಾರಿನ ಬಾನೆಟ್ ಹೊಳೆಯಿಸಿ ತಳವನ್ನು ಮರೆಯುತ್ತೇವೆ.

ಕಾರಿಗೆ ತುಕ್ಕು ಬರುವುದು ಚಕ್ರದ ಒಳಗೋಡೆ, ಬಾಗಿಲಿನ ಕೆಳ ಅಂಚು, ಕೆಸರು ಕೂತ ಮೂಲೆಗಳಿಂದ. ಬಾಗಿಲಿನ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತು ಇರುತ್ತದೆ. ಅದು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೈಪ್ ಹಿಡಿದು ತಳಕ್ಕೆ ಜೋರಾಗಿ ನೀರು ಬಿಡಿ. ತಳಕ್ಕೆ ಕೋಟಿಂಗ್ ಕಂಪನಿಯಿಂದಲೇ ಆಗಿ ಬಂದಿದೆಯಾ ಅಂತ ಕೇಳಿ, ಇಲ್ಲದಿದ್ದರೆ ಹಣವನ್ನು ಮೊದಲು ಅಲ್ಲಿಗೆ ಹಾಕಿ. ಅದೂ ಒಣಗಿದ, ಸ್ವಚ್ಛ ತಳದ ಮೇಲೆ. ಒದ್ದೆಯ ಮೇಲೆ ಹಚ್ಚಿದರೆ ತುಕ್ಕನ್ನು ಒಳಗೇ ಮುಚ್ಚಿಟ್ಟ ಹಾಗೆ.

ಇನ್ನೊಂದು ಮಾತು. ಮಳೆಗಾಲದಲ್ಲಿ ಒದ್ದೆ ಕವರ್ ಹೊದಿಸಿಡುವುದು ಒಳ್ಳೆಯದಲ್ಲ. ತೇವ ಒಳಗೇ ನಿಲ್ಲುತ್ತದೆ, ಗಾಳಿಗೆ ಬಟ್ಟೆ ಬಣ್ಣಕ್ಕೆ ಉಜ್ಜುತ್ತದೆ. ಒಂದು ಶೀಟಿನ ಮಾಡು ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯ ಕೋಟಿಂಗ್!

ನೀವೇ ಸ್ಪ್ರೇ ಮಾಡುವುದಾದರೆ

ವರ್ಷಕ್ಕೆ ಮೂರು ನಾಲ್ಕು ಸಲ ಸಾಕು. ಮೇ ಕೊನೆಗೆ ಒಂದು, ಮಳೆ ಬಿಡುವು ಕೊಟ್ಟಾಗ ಒಂದು, ಆಯುಧಪೂಜೆಗೆ ಕಾರು ತೊಳೆಯುವಾಗ ಮತ್ತೊಂದು, ಬೇಸಿಗೆ ಏರುವ ಮೊದಲು ಇನ್ನೊಂದು. (ಪೂಜೆಯ ಅರಿಶಿನ ಕುಂಕುಮವನ್ನು ಮರುದಿನವೇ ತೊಳೆದುಬಿಡಿ, ಕಲೆ ಉಳಿಯುತ್ತದೆ.)

ಕಾರ್ ಶಾಂಪೂವಿನಲ್ಲೇ ತೊಳೆಯಿರಿ. ಪಾತ್ರೆ ಸೋಪು, ಬಟ್ಟೆ ಪೌಡರ್ ಹಿಂದಿನ ಕೋಟಿಂಗನ್ನೂ ಕಿತ್ತು ತೆಗೆಯುತ್ತವೆ. ಎರಡು ಬಾಲ್ದಿ ಇರಲಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಹಿಂಡಲು ಬರೀ ನೀರು. ಹಳೆ ಬನಿಯನ್, ಹಳೆ ಬೈರಾಸು ಬೇಡ. ಮೈಕ್ರೋಫೈಬರ್ ಬಟ್ಟೆ ಎರಡು ತನ್ನಿ. ಕಾರು ನೆರಳಲ್ಲಿ ತಣ್ಣಗಿರಬೇಕು. ಒಂದು ಬಾಗಿಲಿನಷ್ಟು ಜಾಗಕ್ಕೆ ಹಾಕಿ, ಒಣಗುವ ಮೊದಲೇ ಇನ್ನೊಂದು ಬಟ್ಟೆಯಲ್ಲಿ ಒರೆಸಿ, ಆಮೇಲೆ ಮುಂದಿನ ಬಾಗಿಲಿಗೆ ಹೋಗಿ. ಎದುರಿನ ಗಾಜು, ಬ್ರೇಕ್, ಟಯರಿಗೆ ತಾಗಿಸಬೇಡಿ. ಗಾಳಿಯಾಡುವ ಕಡೆ ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಅಪಘಾತವಾಗಿ ಹೊಸದಾಗಿ ಬಣ್ಣ ಹೊಡೆಸಿದ್ದರೆ ಕೆಲವು ವಾರ ಕಾಯಬೇಕು, ಎಷ್ಟು ಅಂತ ಪೈಂಟರ್‌ನನ್ನೇ ಕೇಳಿ.

ಮತ್ತೆ ಹಾಕುವ ಸಮಯ ಬಂತು ಅಂತ ತಿಳಿಯುವುದು ಹೇಗೆ? ಆಟಿ ತಿಂಗಳಲ್ಲಿ ಪತ್ರೊಡೆಗೆ ಕೆಸುವಿನ ಎಲೆ ತೊಳೆಯುವಾಗ ನೀರು ಮುತ್ತಿನ ಹಾಗೆ ಉರುಳುತ್ತದಲ್ಲ, ಬಾನೆಟ್ ಮೇಲೂ ಹಾಗೇ ಉರುಳಬೇಕು. ಉರುಳದೆ ಹರಡಿ ನಿಂತಿತು ಅಂದರೆ ಸ್ಪ್ರೇ ಮುಗಿಯಿತು.

ಸಹಿಗೆ ಮೊದಲು ಕೇಳಿ

ಶೋರೂಮಿನಲ್ಲಿ ನೀವೇ ಬಾಯಿಬಿಟ್ಟು ಕೇಳಿ. ಇದು ಹೊಳಪಿಗೋ ತುಕ್ಕಿಗೋ? ಹಾಕುವ ವಸ್ತುವಿನ ಹೆಸರೇನು, ಬಾಟಲಿ ತೋರಿಸಿ. ಹೊಸ ಕಾರನ್ನು ಮೆಷಿನ್‌ನಲ್ಲಿ ಉಜ್ಜುತ್ತೀರಾ, ಯಾಕೆ? ಗ್ಯಾರಂಟಿ ಬರಹದಲ್ಲಿ ಇದೆಯಾ, ಅದು ಉಳಿಯಬೇಕಾದರೆ ಆರಾರು ತಿಂಗಳಿಗೆ ಮತ್ತೆ ಎಷ್ಟು ಕೊಡಬೇಕು? ಇದನ್ನು ಬಿಲ್ಲಿನಿಂದ ತೆಗೆದರೆ ಕಾರಿನ ಬೆಲೆ ಎಷ್ಟು? ಸರಿಯಾದ ಮಾಲು ಮಾರುವವನು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ತಡವರಿಸಿದರೆ ‘ಆಮೇಲೆ ನೋಡುವ’ ಅಂತ ಎದ್ದು ಬನ್ನಿ. ಕೋಟಿಂಗನ್ನು ಕಾರು ಮನೆಗೆ ಬಂದ ಮೇಲೂ ಮಾಡಿಸಬಹುದು, ಅವಸರ ಏನಿಲ್ಲ.

‘ನಿಂಗೆ ಇದೆಲ್ಲ ಎಲ್ಲಿ ಅರ್ಥ ಆಗ್ತದೆ ಮಾರಾಯ್ತಿ’ ಅಂತ ಮನೆಯವರು ಅಂದಾರು. ತವಾ ತೊಳೆಯುವ ರೀತಿ, ಉಪ್ಪಿನ ಭರಣಿ ಕಾಯುವ ರೀತಿ, ಹಲಸಿನ ಮೇಣ ಬಿಡಿಸುವ ರೀತಿ ಗೊತ್ತಿರುವವರಿಗೆ ಇದು ಅರ್ಥ ಆಗದೇ ಇರುವಂಥದ್ದೇನೂ ಅಲ್ಲ. ಆ ಇಪ್ಪತ್ತು ಸಾವಿರ ಎಲ್ಲಿಗೆ ಹೋಗಬೇಕು ಅನ್ನುವ ಮಾತಿನಲ್ಲಿ ನಿಮ್ಮದೂ ಒಂದು ಮಾತಿರಲಿ. ಏನಂತೀರಿ?