ಮನೆವಾರ್ತೆ: ಅಂಗಡಿಯ ಹೆಸರೂ ಅಂಗಡಿಯ ಜಾಗವೂ

ಕಳೆದ ವರ್ಷ ಗೌರಿಹಬ್ಬಕ್ಕೆ ಇನ್ನು ಹದಿನೈದು ದಿನಗಳಿರುವಾಗ, ಮಹಾಲಕ್ಷ್ಮಿ ಲೇಔಟಿನ ಆಂಜನೇಯನ ಗುಡಿಯಿಂದ ನಾವು ಹಿಂತಿರುಗುತ್ತಿದ್ದೆವು. ದಾರಿಯಲ್ಲಿ ಪರಿಚಿತರಾದ ಗೃಹಿಣಿಯೊಬ್ಬರು ಎದುರಾದರು. ಹಪ್ಪಳ, ಸಂಡಿಗೆ, ಚಟ್ನಿಪುಡಿ, ಸಾರಿನಪುಡಿಗಳನ್ನು ಮನೆಯಲ್ಲಿಯೇ ಸಿದ್ಧಪಡಿಸಿ ಊರೂರಿಗೆ ಕಳುಹಿಸಿ, ಅದರ ಆದಾಯದಿಂದ ಇಬ್ಬರು ಮಕ್ಕಳ ವಿದ್ಯಾಭ್ಯಾಸವನ್ನು ಸಾಗಿಸುತ್ತಿರುವ ಗಟ್ಟಿಗಿತ್ತಿ ಅವರು. ಸದಾ ನಗುಮುಖದ ಆ ತಾಯಿ ಅಂದು ಬಾಡಿದ್ದರು. ಕಾರಣವೇನೆಂದು ವಿಚಾರಿಸಲಾಗಿ, "ನನ್ನ ಅಂಗಡಿಯೇ ಮಾಯವಾಗಿಹೋಯಿತು" ಎಂದರು.

ಅವರ ಅಂಗಡಿಯೆಂದರೆ ಬೀದಿಯಲ್ಲಿರತಕ್ಕದ್ದಲ್ಲ, ಅಂತರ್ಜಾಲದಲ್ಲಿರತಕ್ಕದ್ದು. ನಾಲ್ಕು ವರ್ಷಗಳ ಕೆಳಗೆ ಅದೇ ಬೀದಿಯ ಹುಡುಗನೊಬ್ಬನು ವಿಶ್ವಾಸದಿಂದ ಇವರಿಗೊಂದು ಜಾಲತಾಣವನ್ನು ಮಾಡಿಕೊಟ್ಟಿದ್ದನು. ಹೆಸರನ್ನು ತನ್ನ ಇ-ಮೇಲ್ ವಿಳಾಸದಲ್ಲಿಯೇ ನೋಂದಾಯಿಸಿ, ಎಲ್ಲಕ್ಕಿಂತ ಅಗ್ಗವಾಗಿ ಕಂಡ ಒಂದು ಸಂಸ್ಥೆಯಲ್ಲಿ ಜಾಗವನ್ನು ಹಿಡಿದಿದ್ದನು. ಅನಂತರ ಅವನಿಗೆ ಪರದೇಶದಲ್ಲಿ ಉದ್ಯೋಗವಾಯಿತು. ಆ ಇ-ಮೇಲನ್ನು ನೋಡುವವರು ಇಲ್ಲದಾದರು. ವಾಯಿದೆ ಮುಗಿಯಿತೆಂಬ ನೆನಪೋಲೆಗಳೆಲ್ಲವೂ ಅಲ್ಲಿಗೇ ಹೋಗಿ ಬಿದ್ದುವು. ಸಂಸ್ಥೆಗೆ ಫೋನು ಮಾಡಿದರೆ, "ಮೇಡಂ, ನಿಮ್ಮ ಹೆಸರೇ ನಮ್ಮ ಲೆಕ್ಕದಲ್ಲಿಲ್ಲ" ಎಂಬ ಉತ್ತರ ಬಂದಿತಂತೆ. ಹಬ್ಬದ ಕಾಲದ ಬೇಡಿಕೆಗಳೂ, ನಾಲ್ಕು ವರ್ಷಗಳ ಗಿರಾಕಿಗಳ ವಿಳಾಸಗಳೂ ಒಂದೇ ಏಟಿಗೆ ಹೋದುವು.

ಮನೆಯಲ್ಲಿ ಕುಳಿತು ವ್ಯಾಪಾರ ಮಾಡುವ ಸೋದರಿಯರು ಈಗ ನಮ್ಮ ಬಡಾವಣೆಗಳಲ್ಲಿ ಬಹುಮಂದಿ ಇರುವುದರಿಂದ, ಈ ತಿಂಗಳು ಇದನ್ನೇ ಕುರಿತು ನಾಲ್ಕು ಮಾತುಗಳನ್ನು ಬರೆಯಬೇಕೆಂದು ನಿಶ್ಚಯಿಸಿದೆವು.

ಮೊದಲು ತಿಳಿಯಬೇಕಾದುದೇನೆಂದರೆ, ಡೊಮೈನ್ ಎಂಬ ಹೆಸರು ಬೇರೆ, ಹೋಸ್ಟಿಂಗ್ ಎಂಬ ಜಾಗ ಬೇರೆ. ಹೆಸರೆಂಬುದು ನಿವೇಶನದ ಖಾತೆಯಿದ್ದಂತೆ. ಜಾಗವು ಬಾಡಿಗೆಯ ಮಳಿಗೆಯಿದ್ದಂತೆ. ಮಳಿಗೆಯನ್ನು ಬೇಕಾದಾಗ ಬದಲಾಯಿಸಬಹುದು. ಖಾತೆಯು ಪರರ ಹೆಸರಿನಲ್ಲಿದ್ದರೆ ಗತಿಯೇನು? ಆದುದರಿಂದ ಮಾಡಿಕೊಡುವವರು ಎಷ್ಟೇ ಆಪ್ತರಾಗಿರಲಿ, ಸ್ವಂತ ಮಗನೇ ಆಗಿರಲಿ, ನೋಂದಣಿಯು ವ್ಯಾಪಾರ ಮಾಡುವವರ ಹೆಸರಿನಲ್ಲಿಯೇ, ಅವರು ದಿನವೂ ನೋಡುವ ಇ-ಮೇಲಿನಲ್ಲಿಯೇ, ಅವರ ಕೈಯಲ್ಲಿರುವ ಫೋನಿನ ಸಂಖ್ಯೆಯಲ್ಲಿಯೇ ಇರತಕ್ಕದ್ದು. ನಮ್ಮ ದೇಶದ ಡಾಟ್ ಇನ್ ಎಂಬ ಹೆಸರುಗಳ ಮೇಲ್ವಿಚಾರಣೆಯನ್ನು 2003ರಲ್ಲಿ ಸ್ಥಾಪಿತವಾದ ನಿಕ್ಸಿ ಎಂಬ ಸಂಸ್ಥೆಯು ನಡೆಸುತ್ತದೆ. ಕನ್ನಡ ಲಿಪಿಯಲ್ಲಿಯೇ ಡಾಟ್ ಭಾರತ ಎಂದು ಮುಗಿಯುವ ಹೆಸರನ್ನೂ ಪಡೆಯಬಹುದು. ಹೆಸರನ್ನು ಒಂದು ಸಂಸ್ಥೆಯಲ್ಲಿಯೂ ಜಾಗವನ್ನು ಇನ್ನೊಂದರಲ್ಲಿಯೂ ಇರಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಜಗಳವಾದಾಗ ಇದರ ಅನುಕೂಲ ತಿಳಿಯುತ್ತದೆ.

ಇನ್ನು ಜಾಗದ ವಿಚಾರ. ಅಗ್ಗದ ಹೋಸ್ಟಿಂಗೆಂದರೆ ಹಳೆಯ ಬೆಂಗಳೂರಿನ ವಠಾರವೇ ಸರಿ. ಒಂದೇ ಸರ್ವರಿನಲ್ಲಿ ನೂರಾರು ಜಾಲತಾಣಗಳು ಒಕ್ಕಲಿರುತ್ತವೆ. ಒಬ್ಬರು ನಲ್ಲಿಯನ್ನು ಬಿಟ್ಟುಕೊಂಡು ಕುಳಿತರೆ ಉಳಿದವರ ಕೊಡ ತುಂಬುವುದಿಲ್ಲ. ಒಬ್ಬರ ಬಾಗಿಲು ಭದ್ರವಿಲ್ಲದಿದ್ದರೆ ಕಳ್ಳನು ಹಜಾರದವರೆಗೂ ಬಂದುಬಿಡುವನು. ಹಾಗೆಂದು ವಠಾರವನ್ನು ನಾವು ಹಳಿಯುವುದಿಲ್ಲ. ತಿಂಗಳಿಗೆ ಐವತ್ತು ಪೊಟ್ಟಣ ಮಾರುವವರಿಗೆ ಅದೇ ಸಾಕು. ಒಕ್ಕಲುಗಳ ನಡುವೆ ಗೋಡೆ ಹೇಗಿದೆ, ತಂತ್ರಾಂಶಗಳನ್ನು ಕಾಲಕಾಲಕ್ಕೆ ಹೊಸದುಮಾಡುವ ಹೊಣೆ ಯಾರದು ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಬೇಕು. ವ್ಯಾಪಾರ ಬೆಳೆದ ಮೇಲೆ ಬೇರೆ ಮನೆ ಮಾಡಿದರಾಯಿತು.

"ಪ್ರತಿಶತ 99.9 ಕಾಲ ನಿಮ್ಮ ಅಂಗಡಿ ತೆರೆದಿರುತ್ತದೆ" ಎಂದು ಜಾಹೀರಾತುಗಳು ಸಾರುತ್ತವೆ. ಲೆಕ್ಕ ಹಾಕಿ ನೋಡೋಣ. ಆ ಒಂದು ದಶಾಂಶದ ಬಿಡುವೆಂದರೆ ವರ್ಷಕ್ಕೆ ಸುಮಾರು ಎಂಟು ಮುಕ್ಕಾಲು ಗಂಟೆ. 99 ಎಂದು ಮಾತ್ರ ಹೇಳಿದರೆ ಮೂರೂವರೆ ದಿನಗಳಿಗೂ ಮಿಕ್ಕು. ಆ ಗಂಟೆಗಳು ನಡುರಾತ್ರಿಯಲ್ಲಿ ಹೋದರೆ ಚಿಂತೆಯಿಲ್ಲ, ವರಮಹಾಲಕ್ಷ್ಮಿಯ ಹಿಂದಿನ ದಿನ ಹೋದರೆ ಮಾಡುವುದೇನು? ಮಾತಿಗೆ ತಪ್ಪಿದಾಗ ಬಹುಪಾಲು ಸಂಸ್ಥೆಗಳು ಕೊಡುವ ಪರಿಹಾರವು ಮುಂದಿನ ಬಿಲ್ಲಿನಲ್ಲಿ ಅಷ್ಟಿಷ್ಟು ವಜಾ ಮಾತ್ರ. ನಷ್ಟವಾದ ವ್ಯಾಪಾರವನ್ನು ಯಾರೂ ತುಂಬಿಕೊಡುವುದಿಲ್ಲ. ಮೊದಲ ವರ್ಷದ ದರವನ್ನು ನೋಡಿ ಹಿಗ್ಗುವುದೂ ಸಲ್ಲದು. ಎರಡನೆಯ ವರ್ಷದ ದರವನ್ನು ಬರೆಯಿಸಿಕೊಂಡು ಹೋಲಿಸಬೇಕು, ಅಲ್ಲಿಯೇ ಗುಟ್ಟಿರುವುದು. ಬೀಗದ ಚಿಹ್ನೆಯನ್ನು ತೋರಿಸುವ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು 2015ರಿಂದ ಉಚಿತವಾಗಿಯೇ ಕೊಡುತ್ತಿರುವಾಗ, ಅದಕ್ಕೆಂದು ಪ್ರತ್ಯೇಕವಾಗಿ ಹಣ ಕೇಳಿದರೆ ಏತಕ್ಕೆಂದು ಪ್ರಶ್ನಿಸುವ ಹಕ್ಕು ನಮಗಿದೆ.

ಎಲ್ಲಕ್ಕಿಂತ ಮಿಗಿಲಾದುದು ಬ್ಯಾಕಪ್, ಎಂದರೆ ನಕಲು ಪ್ರತಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಎಂಬ ಹೆಸರಾಂತ ಸಂಸ್ಥೆಯ ಸರ್ವರುಗಳಿದ್ದ ಕಟ್ಟಡವೊಂದು ಬೆಂಕಿಗೆ ಸಂಪೂರ್ಣ ಆಹುತಿಯಾಯಿತು. ಬ್ಯಾಕಪ್ಪಿಗೆಂದೇ ಬೇರೆ ಹಣ ತೆತ್ತಿದ್ದ ಗ್ರಾಹಕರೊಬ್ಬರು ತಮ್ಮ ಪ್ರತಿಯನ್ನು ಕೇಳಲಾಗಿ, ಅದೂ ಅದೇ ಕಟ್ಟಡದಲ್ಲಿದ್ದು ಸುಟ್ಟುಹೋಗಿತ್ತೆಂದು ಹೊರಬಿತ್ತು. 2023ರಲ್ಲಿ ಲೀಲ್ ನಗರದ ವಾಣಿಜ್ಯ ನ್ಯಾಯಾಲಯವು ಅವರಿಗೆ ಪರಿಹಾರ ಕೊಡಿಸಿತು. ಅದೇ 2023ರ ಆಗಸ್ಟಿನಲ್ಲಿ ಡೆನ್ಮಾರ್ಕಿನ ಕ್ಲೌಡ್‌ನಾರ್ಡಿಕ್ ಎಂಬ ಸಂಸ್ಥೆಯೊಳಗೆ ಒತ್ತೆಹಣ ಕೇಳುವ ದುಷ್ಟರು ನುಗ್ಗಿ, ಮೂಲವನ್ನೂ ಬ್ಯಾಕಪ್ಪನ್ನೂ ಕೂಡಿಯೇ ಬೀಗಹಾಕಿದರು. ಸಂಸ್ಥೆಯ ಬಹುತೇಕ ಗ್ರಾಹಕರು ತಾವು ಅಲ್ಲಿ ಇಟ್ಟಿದ್ದುದೆಲ್ಲವನ್ನೂ ಕಳೆದುಕೊಂಡರು. ಒಡವೆಯನ್ನೂ ಬೀಗದ ಕೈಯನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟ ಹಾಗಾಯಿತು. ಆದಕಾರಣ ಸಂಸ್ಥೆಯವರನ್ನು, ಪ್ರತಿಯನ್ನು ಎಷ್ಟು ದಿನಕ್ಕೊಮ್ಮೆ ತೆಗೆಯುವಿರಿ, ಯಾವ ಊರಿನಲ್ಲಿಡುವಿರಿ, ಎಷ್ಟು ದಿನಗಳ ಹಿಂದಿನದನ್ನು ಮರಳಿಸಬಲ್ಲಿರಿ ಎಂದು ಕೇಳತಕ್ಕದ್ದು. ಅವರು ಏನೇ ಹೇಳಲಿ, ತಿಂಗಳಿಗೆ ಎರಡು ಬಾರಿಯಾದರೂ ಒಂದು ಪ್ರತಿಯನ್ನು ಮನೆಯ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದನ್ನು ಬಿಡಬಾರದು. ವರ್ಷಕ್ಕೊಮ್ಮೆ ಆ ಪ್ರತಿಯಿಂದ ಅಂಗಡಿಯನ್ನು ತೆರೆದು ನೋಡಲೂ ಬೇಕು. ಡಬ್ಬಿಯಲ್ಲಿಟ್ಟ ಉಪ್ಪಿನಕಾಯಿ ಚೆನ್ನಾಗಿದೆಯೆಂದು ಮುಚ್ಚಳವನ್ನು ನೋಡಿ ಹೇಳಲಾದೀತೆ?

ಕಾನೂನಿನ ಮಾತೂ ಒಂದಿಷ್ಟುಂಟು. ಸರ್ಟ್-ಇನ್ ಎಂಬ ಸರ್ಕಾರದ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸೈಬರ್ ದಾಳಿಯು ಗಮನಕ್ಕೆ ಬಂದ ಆರು ಗಂಟೆಗಳೊಳಗಾಗಿ ವರದಿ ಸಲ್ಲಿಸಬೇಕು. ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ, ಗಿರಾಕಿಗಳ ವಿವರಗಳನ್ನು ನಮಗಾಗಿ ಬೇರೊಬ್ಬರು ಇಟ್ಟುಕೊಂಡಿದ್ದರೂ ಹೊಣೆಯು ನಮ್ಮದೇ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಹಪ್ಪಳ ಮಾರುವವರಿಗೆ ಇದೆಲ್ಲ ಏಕೆಂದು ಕೇಳುವಿರೋ? ವಿಳಾಸ, ಫೋನ್ ಸಂಖ್ಯೆ, ಯಾವ ಮನೆಗೆ ಯಾವ ದಿನ ಏನು ಹೋಯಿತೆಂಬ ವಿವರ ಇವೆಲ್ಲ ಪರರು ನಂಬಿ ಕೊಟ್ಟ ಸೊತ್ತು.

ಸಂಸ್ಥೆಯನ್ನು ಪರೀಕ್ಷಿಸಲು ನಮಗೆ ತೋರುವ ಸುಲಭೋಪಾಯವೊಂದುಂಟು: ಹಣ ಕಟ್ಟುವ ಮೊದಲು ಭಾನುವಾರ ರಾತ್ರಿ ಒಂಬತ್ತಕ್ಕೆ ಅವರ ಸಹಾಯವಾಣಿಗೆ ಫೋನು ಮಾಡಿ, ನಿಮ್ಮನ್ನು ಬಿಟ್ಟುಹೋಗಬೇಕಾದರೆ ನನ್ನ ಕಡತಗಳನ್ನು ಹೇಗೆ ಕೊಂಡೊಯ್ಯಲಿ ಎಂದು ಕೇಳಿ. ಮನುಷ್ಯರೇ ಮಾತನಾಡಿ, ದಾರಿಯನ್ನು ಸ್ಪಷ್ಟವಾಗಿ ಹೇಳಿದರೆ ಆ ಸಂಸ್ಥೆಯ ಕಡೆಗೆ ನಮ್ಮ ಒಲವು.

ಆ ಗೃಹಿಣಿಯ ವಿಷಯವಾಗಿ ಹೇಳುವುದಾದರೆ, ಅವರ ಹೆಸರು ಉಳಿಯಿತು. ವಾಯಿದೆ ಮುಗಿದರೂ ಹೆಚ್ಚಿನ ಶುಲ್ಕವನ್ನು ತೆತ್ತು ಬಿಡಿಸಿಕೊಳ್ಳುವ ಅವಧಿಯು ಇನ್ನೂ ಮುಗಿದಿರಲಿಲ್ಲ. ಪರದೇಶದಲ್ಲಿದ್ದ ಆ ಹುಡುಗನೇ ನಾಚಿಕೊಂಡು, ಹಳೆಯ ಇ-ಮೇಲನ್ನು ತೆರೆದು, ಶುಲ್ಕವನ್ನೂ ತಾನೇ ಕಟ್ಟಿ, ಹೆಸರನ್ನು ಇವರಿಗೆ ಒಪ್ಪಿಸಿದನು. ಜಾಗದಲ್ಲಿದ್ದುದು ಮಾತ್ರ ಬರಲಿಲ್ಲ, ಸಂಸ್ಥೆಯವರು ಅಳಿಸಿಬಿಟ್ಟಿದ್ದರು. ಗೌರಿಹಬ್ಬದ ವ್ಯಾಪಾರ ಹೋಯಿತು. ತಾಯಿಯೂ ಮಗಳೂ ರಾತ್ರಿಗಳಲ್ಲಿ ಕುಳಿತು, ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಹಳೆಯ ಕೊರಿಯರ್ ರಶೀದಿಗಳಿಂದ ಒಂದೊಂದೇ ವಿಳಾಸವನ್ನು ನಕಲುಮಾಡಿಕೊಂಡು, ದೀಪಾವಳಿಯ ವೇಳೆಗೆ ಅಂಗಡಿಯನ್ನು ಮತ್ತೆ ತೆರೆದರು. ಹೆಸರಿನ ನೋಂದಣಿಯ ಪ್ರತಿಯನ್ನು ಈಗ ಅವರು ಮನೆಯ ಖಾತೆಪತ್ರದೊಡನೆ ಬೀರುವಿನಲ್ಲಿಟ್ಟಿದ್ದಾರೆ. ವಾಯಿದೆಯ ದಿನಾಂಕವನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಕೆಂಪು ಶಾಯಿಯಲ್ಲಿ ಗುರುತುಹಾಕಿರುವುದನ್ನು ಮೊನ್ನೆ ನಾವೇ ನೋಡಿ ಬಂದೆವು.